ಚಿಲ್ಲರೆ ಲೆಕ್ಕ

ಅಮ್ಮನ ಫೋನಿಗೆ ಖರ್ಚು ಬರೆದಿಡುವ ಆ್ಯಪು
ಹಾಕಿಕೊಟ್ಟವಳು ನಾನೇ.
ಬಾಡಿಗೆಗೆ ನೀಲಿ, ದಿನಸಿಗೆ ಹಸಿರು,
ಬಸ್ಸು ಟ್ರಾಮಿಗೆ ಬೂದು.
ಇನ್ನೊಂದು ಗುಲಾಬಿ ಹೋಳು:
‘ಜೀವನಶೈಲಿ ಮತ್ತು ಸಣ್ಣ ಸುಖಗಳು.’
ತಿಂಗಳ ಕೊನೆಗೆ ಅಲ್ಲಿ ಸೊನ್ನೆ.
ಮುಂದಿನ ತಿಂಗಳೂ ಸೊನ್ನೆ.
ಆ್ಯಪು ಪಟಾಕಿ ಸಿಡಿಸಿ ಭೇಷ್ ಎಂದಿತು.
ನನಗೆ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ.

ಅರವತ್ತೊಂದು ವರ್ಷ.
ಬೇ ಸ್ಟ್ರೀಟಿನ ಮೂವತ್ತೊಂದನೇ ಮಹಡಿಯಲ್ಲಿ
ರಾತ್ರಿಯಿಡೀ ಪರರ ಮೇಜು ಒರೆಸಿ,
ಅವರು ಅರ್ಧ ಕುಡಿದು ಬಿಟ್ಟ ಆರು ಡಾಲರಿನ ಕಾಫಿಯನ್ನು
ಸಿಂಕಿಗೆ ಚೆಲ್ಲಿ ಬರುವವಳು,
ತನಗೆಂದು ಏನೂ ಕೊಳ್ಳುವುದಿಲ್ಲವೆ?

ಬೂದು ಪಟ್ಟಿ ತೆರೆದು ನೋಡಿದೆ.
ಶುಕ್ರವಾರ ಬಂದರೆ ಒಂದೇ ತರಹ:
ಬೆಳಿಗ್ಗೆ ಆರು ಹನ್ನೆರಡಕ್ಕೆ ಕಾರ್ಡು ತಾಗಿದೆ, ಮೂರು ಡಾಲರು ಮೂವತ್ತು.
ಎಂಟು ಗಂಟೆ ಆರು ನಿಮಿಷಕ್ಕೆ ಮತ್ತೆ ತಾಗಿದೆ, ಸೊನ್ನೆ.
ಟೊರಾಂಟೊದ ಟಿಕೆಟ್ಟಿಗೆ ಎರಡು ಗಂಟೆ ಆಯಸ್ಸು;
ಅಷ್ಟರೊಳಗೆ ಎಷ್ಟು ಸಲ ಇಳಿದರೂ ಹತ್ತಿದರೂ
ಕೇಳುವವರಿಲ್ಲ.
ನಡುವೆ ಎಲ್ಲಿರುತ್ತಾಳೆ?
ಕೇಳಿದ್ದಕ್ಕೆ, “ಹಿಮ, ಟ್ರಾಮು ನಿಂತುಬಿಟ್ಟಿತ್ತು” ಅಂದಳು.
ಜುಲೈ ತಿಂಗಳಲ್ಲೂ ನಿಂತಿತ್ತೇನಮ್ಮಾ?

ಈ ಶುಕ್ರವಾರ ಅವಳ ಕಟ್ಟಡದ ಕೆಳಗೆ ಕಾದೆ.
ನೋಡಿ ಬೆಚ್ಚಲಿಲ್ಲ, ಬೈಯಲೂ ಇಲ್ಲ.
“ಟೋಪಿ ಎಲ್ಲಿ?” ಎಂದಳು, ಅಷ್ಟೆ.
ಡಂಡಾಸ್ ಬೀದಿಯ ಕೆಸರು ಹಿಮ ಸೀಳುತ್ತ ಟ್ರಾಮು ಹೊರಟಿತು.
ಡಫರಿನ್ ಬರುವ ಮೊದಲೇ ಎದ್ದು ಗುಂಡಿ ಒತ್ತಿದಳು,
ನಮ್ಮ ಸ್ಟಾಪು ಇನ್ನೂ ದೂರ.

ಒಂದು ಬೇಕರಿ. ಗಾಜಿನ ಮೇಲೆಲ್ಲ ಬೆವರು.
ಗಲ್ಲಾದ ಹಿಂದಿನಿಂದ ಫ್ಲೊರಿಪೆಸ್ ಎಂಬಾಕೆ:
“ದಿಯೊಲಿಂಡಾ, ಇವಳೇನಾ ನಿನ್ನ ಲೆಕ್ಕದ ಮಗಳು?”
ಸರಿ, ಇಲ್ಲಿ ನನಗೆ ಹೆಸರಿಟ್ಟೂ ಆಗಿದೆ.

ಕಿಟಕಿಯ ಪಕ್ಕ, ಹೀಟರಿಗೆ ಒರಗಿದ ಕುರ್ಚಿ.
ಬೂಟು ಕಳಚಿ ಕಾಲು ಚಾಚಿದಳು.
ಮೇಲೆಲ್ಲ ಕರಕಲು ಚುಕ್ಕೆಯ ಒಂದು ನಾತಾ,
ಅವಳ ದ್ವೀಪದ ಬಾಲ್ಯದಲ್ಲಿ ಹಬ್ಬಕ್ಕಷ್ಟೇ ಸಿಗುತ್ತಿದ್ದದ್ದು,
ಗಾಜಿನ ಲೋಟದಲ್ಲಿ ಹಾಲು ಮುಂದಾದ ಕಾಫಿ.
ದಾಲ್ಚಿನ್ನಿ ಪುಡಿ ಉದುರಿಸಿದಳು, ಅಂಚು ಮುರಿದಳು,
ಕಣ್ಣು ಮುಚ್ಚಿದಳು.
ವಾರವಿಡೀ ಹೊತ್ತು ತಿರುಗಿದ ಮುಖವನ್ನು
ಮೇಜಿನ ಮೇಲೆ ಇಳಿಸಿಟ್ಟ ಹಾಗಿತ್ತು.

“ಇಲ್ಲಿ ಕಾರ್ಡು ಯಾಕೆ ಕೊಡುವುದಿಲ್ಲ?”
“ಕಾರ್ಡಾದರೆ ನಾಲ್ಕು ಎಪ್ಪತ್ತೆರಡು, ನಗದಾದರೆ ಎಪ್ಪತ್ತು.
ಒಂದು ಸೆಂಟಿನ ನಾಣ್ಯ ಸರ್ಕಾರವೇ ನಿಲ್ಲಿಸಿತಲ್ಲ,
ಆ ಎರಡು ಸೆಂಟು ಯಾರದು? ನನ್ನದು.”
ಬೆಲೆ ಏರಿಸುವಾಗೆಲ್ಲ ಕೊನೆಗೆ ಎರಡು ಬರುವ ಹಾಗೆ
ಫ್ಲೊರಿಪೆಸ್ ನೋಡಿಕೊಳ್ಳುತ್ತಾಳಂತೆ.
ಆಮೇಲೆ ಲೋಟ ತಿರುಗಿಸುತ್ತ ಮೆಲ್ಲಗೆ:
“ನಿನ್ನ ಆ ಬಣ್ಣದ ಚಕ್ರಕ್ಕೆ ಎಲ್ಲವೂ ಗೊತ್ತಾಗಬೇಕೇನು?”

ಇಬ್ಬರದೂ ತಾನೇ ಕೊಡುವೆನೆಂದು ಹಠ.
ಒಂಬತ್ತು ನಲವತ್ತನಾಲ್ಕು, ಎಂದಳು ಫ್ಲೊರಿಪೆಸ್,
ಅಂದರೆ ನಲವತ್ತೈದು.
ಅಮ್ಮನ ಕೈ ಪರ್ಸಿನೊಳಗೇ ನಿಂತಿತು.
ಬೀದಿಗೆ ಬಂದ ಮೇಲೂ ಬೆರಳು ಮಡಿಸುತ್ತಲೇ ಇದ್ದಳು:
ಬೇರೆ ಬೇರೆ ಬಿಲ್ಲು ಮಾಡಿಸಿದ್ದರೆ ನಲವತ್ತಕ್ಕೇ ಮುಗಿಯುತ್ತಿತ್ತು.
“ಜೊತೆಗೆ ಬಂದದ್ದಕ್ಕೆ ಐದು ಸೆಂಟು ದಂಡ, ನೋಡು.”

ಕೋಟಿನ ಜೇಬು ತಡಕಾಡಿ
ಬೀವರಿನ ಚಿತ್ರವಿರುವ ಐದರ ನಾಣ್ಯವನ್ನು ಅವಳ ಕೈಗಿಟ್ಟೆ.
ಬೇಡ ಎನ್ನುತ್ತಾಳೆ ಅಂದುಕೊಂಡಿದ್ದೆ.
ತಿರುಗಿಸಿ ನೋಡಿ, ಕೈಗವಸಿನೊಳಗೆ ಸೇರಿಸಿದಳು.
ಎಂಟು ಗಂಟೆ ನಾಲ್ಕು ನಿಮಿಷ. ದೂರದಲ್ಲಿ ಟ್ರಾಮಿನ ದೀಪ.
“ನಡಿ, ನಡಿ,” ಎಂದಳು,
“ಇನ್ನೂ ಎಂಟು ನಿಮಿಷ ಪುಕ್ಕಟೆ ಇದೆ.”